ಇಂಗಿದ ನೀರಿನ ಲೆಕ್ಕ: ಬಂಡೆ ನಾಡಿನಲ್ಲಿ ಅಂತರ್ಜಲ ಎಷ್ಟು ಮರುತುಂಬುತ್ತದೆ?

(ಚಿಕ್ಕಬಳ್ಳಾಪುರ ಜಿಲ್ಲೆಯ ರೈತರು ಮತ್ತು ಕಾಲೇಜು ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ಅಲ್ಲಿ ಹಲಗೆಯ ಮೇಲೆ ಬರೆದ ಲೆಕ್ಕಗಳನ್ನು ಇಲ್ಲಿ ಮಾತಿನಲ್ಲೇ ಬಿಡಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಳಗೆ ಬರುವಾಗ ಬಾಗಿಲ ಹತ್ತಿರ ಇಬ್ಬರು ರೈತರು ಮಾತಾಡುತ್ತಿದ್ದರು. ಒಬ್ಬರು, "ಈ ಸಲದ ಮಳೆಗೆ ನಮ್ಮ ಬೋರ್‌ನಲ್ಲಿ ನೀರು ನೂರು ಅಡಿ ಮೇಲಕ್ಕೆ ಬಂದೈತೆ ಕಣಣ್ಣ" ಅಂದರು. ಇನ್ನೊಬ್ಬರು, "ಹಂಗಾದ್ರೆ ಇನ್ನೆರಡು ವರ್ಷ ಯೋಚನೆ ಇಲ್ಲ ಬಿಡು" ಅಂದರು. ಮೊದಲನೆಯ ಮಾತು ನಿಜವೇ ಇರಬೇಕು. ಆದರೆ ಎರಡನೆಯದನ್ನು ಅಷ್ಟು ಬೇಗ ಹೇಳಿಬಿಡೋಕೆ ಆಗುವುದಿಲ್ಲ. ಬೋರ್‌ನಲ್ಲಿ ನೂರು ಅಡಿ ಏರಿದ್ದರೂ ನೆಲದೊಳಗೆ ಸೇರಿದ ನೀರು ತುಂಬಾ ಕಡಿಮೆ ಇರಬಹುದು. ಅದು ಹೇಗೆ ಅಂತ ವಿವರಿಸೋಕೇ ನಾನು ಇವತ್ತು ಬಂದಿರುವುದು.

ಮೊದಲು ನಮ್ಮ ಕಾಲ ಕೆಳಗೆ ಏನಿದೆ ನೋಡೋಣ. ಕರಾವಳಿಯ ಮರಳು ಪಟ್ಟಿಯಂಥ ಕೆಲವು ಜಾಗ ಬಿಟ್ಟರೆ ಕರ್ನಾಟಕ ಹೆಚ್ಚುಕಡಿಮೆ ಪೂರ್ತಿ ಗಟ್ಟಿ ಕಲ್ಲಿನ ನಾಡು. ಬೀದರ್, ವಿಜಯಪುರ, ಬೆಳಗಾವಿ ಕಡೆ ಲಾವಾ ಆರಿ ಆದ ಕಪ್ಪು ಬಸಾಲ್ಟ್ ಇದೆ. ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಗ್ರಾನೈಟ್ ಮತ್ತು ನೈಸ್. ಬೆಂಗಳೂರಿನ ಲಾಲ್‌ಬಾಗ್ ಬಂಡೆ ಹತ್ತಿದ್ದೀರಲ್ಲ, ಅದೂ ಇದೇ ನೈಸ್. 250 ಕೋಟಿ ವರ್ಷಕ್ಕೂ ಹಳೆಯದು.

ಈ ಕಲ್ಲಿನ ಒಳಗೆ ನೀರಿಗೆ ಜಾಗ ಇಲ್ಲ. ಜಾಗ ಇರುವುದು ಎರಡೇ ಕಡೆ. ಒಂದು, ಮೇಲೆ ಬಿಸಿಲು ಮಳೆಗೆ ಕೊಳೆತು ಪುಡಿಯಾದ ಪದರದಲ್ಲಿ. ಇನ್ನೊಂದು, ಅದರ ಕೆಳಗಿನ ಗಟ್ಟಿ ಬಂಡೆಯ ಬಿರುಕುಗಳಲ್ಲಿ. ನಮ್ಮ ಅಜ್ಜಂದಿರು ತೋಡಿದ ಬಾವಿಗಳೆಲ್ಲ ಮೊದಲನೆಯ ಪದರದಲ್ಲಿದ್ದವು. ನಾವು ಈಗ ಕೊರೆಸುವ ಸಾವಿರ, ಸಾವಿರದೈನೂರು ಅಡಿಯ ಬೋರ್‌ಗಳು ಎರಡನೆಯದನ್ನು ಹುಡುಕಿಕೊಂಡು ಹೋಗುತ್ತಿವೆ.

ಕೊಳೆತ ಪದರ ನಿಮ್ಮ ಹೊಲದಲ್ಲಿ ಎಷ್ಟು ದಪ್ಪ ಇದೆ ಗೊತ್ತಾಗಬೇಕಾ? ದೊಡ್ಡ ಉಪಕರಣ ಏನೂ ಬೇಡ. ಬೋರ್ ಕೊರೆಸಿದಾಗ ಕೇಸಿಂಗ್ ಪೈಪ್ ಎಷ್ಟು ಅಡಿ ಇಳಿಯಿತು ಅಂತ ನೆನಪಿಸಿಕೊಳ್ಳಿ. ಮಣ್ಣು, ಗರಸು, ಮೆತ್ತನೆ ಕಲ್ಲು ಕುಸಿಯಬಾರದು ಅಂತ ತಾನೆ ಕೇಸಿಂಗ್ ಹಾಕುವುದು? ಗಟ್ಟಿ ಬಂಡೆ ಸಿಕ್ಕಿದ ಮೇಲೆ ನಿಲ್ಲಿಸುತ್ತಾರೆ. 60 ಅಡಿ ಕೇಸಿಂಗ್ ಇಳಿದಿದ್ದರೆ ಕೊಳೆತ ಪದರ ಸುಮಾರು 60 ಅಡಿ. ದುಡ್ಡು ಕೊಡಬೇಕಾದ್ದರಿಂದ ಕೇಸಿಂಗ್ ಲೆಕ್ಕ ಎಲ್ಲರ ಹತ್ತಿರವೂ ಇರುತ್ತದೆ. ನನ್ನ ಮಟ್ಟಿಗೆ ಊರಿನ ಅಂತರ್ಜಲದ ಅತಿ ಒಳ್ಳೆಯ ದಾಖಲೆ ಅದು. ಅದನ್ನು ಯಾರೂ ಒಂದು ಕಡೆ ಬರೆದಿಡುವುದಿಲ್ಲ, ಅದೇ ಬೇಸರ.

ಈಗ ಒಂದು ಸಣ್ಣ ಪ್ರಯೋಗ. ಮನೆಯಲ್ಲಿ ಮಾಡಿ ನೋಡಬಹುದು. ಒಂದೇ ಅಳತೆಯ ಎರಡು ಡ್ರಮ್ ತೆಗೆದುಕೊಳ್ಳಿ. ಒಂದಕ್ಕೆ ಏನೂ ಹಾಕಬೇಡಿ. ಇನ್ನೊಂದಕ್ಕೆ ದಪ್ಪ ಕಲ್ಲುಗಳನ್ನು ಹಾಕಿ, ಸಂದಿಗೆಲ್ಲ ಜಲ್ಲಿ, ಮರಳು ತುಂಬಿ. ಎರಡಕ್ಕೂ ಒಂದೊಂದು ಕೊಡ ನೀರು ಸುರಿಯಿರಿ. ಖಾಲಿ ಡ್ರಮ್‌ನಲ್ಲಿ ನೀರು ತಳದಲ್ಲಿ ಗೇಣುದ್ದ ನಿಲ್ಲುತ್ತದೆ. ಕಲ್ಲು ತುಂಬಿದ ಡ್ರಮ್‌ನಲ್ಲಿ ಎದೆಮಟ್ಟಕ್ಕೆ ಬರುತ್ತದೆ. ನೀರು ಅಷ್ಟೇ, ಏರಿಕೆ ಬೇರೆ. ಜಾಗ ಕಡಿಮೆ ಇದ್ದಷ್ಟೂ ನೀರು ಮೇಲಕ್ಕೆ ಏರುತ್ತದೆ. ಮೋಟರ್ ಹಾಕಿದರೆ ಅಷ್ಟೇ ಬೇಗ ಇಳಿಯುತ್ತದೆ ಕೂಡ.

ನೆಲದ ಒಂದು ಪದರ ತನ್ನ ಗಾತ್ರದ ಎಷ್ಟು ಪಾಲು ನೀರನ್ನು ನಮಗೆ ಬಿಟ್ಟುಕೊಡುತ್ತದೆ ಅನ್ನುವುದಕ್ಕೆ ಇಂಗ್ಲಿಷ್‌ನಲ್ಲಿ ಸ್ಪೆಸಿಫಿಕ್ ಈಲ್ಡ್ ಅನ್ನುತ್ತಾರೆ. ನಾವು ಸುಮ್ನೆ 'ಬಿಡುವ ಪಾಲು' ಅನ್ನೋಣ. ದೇಶದ ಅಂತರ್ಜಲ ಅಂದಾಜು ಮಾಡಲು ಕೇಂದ್ರ ಸರ್ಕಾರದ ಸಮಿತಿ ಒಂದು ಪದ್ಧತಿ ಮಾಡಿಕೊಟ್ಟಿದೆ. ಮೊದಲು 1984ರಲ್ಲಿ, ಆಮೇಲೆ 1997ರಲ್ಲಿ, 2015ರಲ್ಲಿ ತಿದ್ದಿದ್ದಾರೆ. ಅದರ ಪಟ್ಟಿಯಲ್ಲಿ ನದಿ ಬಯಲಿನ ಮರಳು ಮಣ್ಣಿಗೆ ಬಿಡುವ ಪಾಲು 16% ಇದೆ. ನಮ್ಮ ಕೊಳೆತ ಗ್ರಾನೈಟ್, ನೈಸ್‌ಗೆ ಜೇಡಿ ಕಡಿಮೆ ಇದ್ದರೆ 3%. ಜೇಡಿ ಜಾಸ್ತಿ ಇದ್ದರೆ 1.5%. ಬಿರುಕು ಕಡಿಮೆ ಇರುವ ಗಟ್ಟಿ ಬಂಡೆಗೆ 0.2ರಿಂದ 0.5%.

ಈ ಅಂಕಿಗಳನ್ನು ಇಟ್ಟುಕೊಂಡು ಬಾಗಿಲ ಹತ್ತಿರದ ಆ ರೈತರ ಬೋರ್‌ಗೆ ಹೋಗೋಣ. ನೂರು ಅಡಿ ಅಂದರೆ 30 ಮೀಟರ್. ಅಷ್ಟೂ ಏರಿಕೆ ಗಟ್ಟಿ ಬಂಡೆಯೊಳಗೇ ಆಗಿದ್ದರೆ, ಪಾಲು 0.2% ಅಂತ ಹಿಡಿದರೆ, ಸೇರಿದ ನೀರು, ಮಳೆ ಅಳೆಯುವ ಹಾಗೆ ಹೇಳಿದರೆ, 60 ಮಿಲಿಮೀಟರ್. ಇದೇ 60 ಮಿಲಿಮೀಟರ್ ನೀರು, ಪಾಲು 2% ಇರುವ ಕೊಳೆತ ಪದರಕ್ಕೆ ಸೇರಿದ್ದರೆ ಬಾವಿಯಲ್ಲಿ ಏರುತ್ತಿದ್ದದ್ದು ಹತ್ತೇ ಅಡಿ. ಅಜ್ಜನ ಬಾವಿಯ ಹತ್ತು ಅಡಿ, ಮೊಮ್ಮಗನ ಬೋರ್‌ನ ನೂರು ಅಡಿ. ನೀರು ಒಂದೇ.

ಇನ್ನೂ ಒಂದು ವಿಷಯ ಇದೆ. ಮಳೆ ಹಿಡಿದಾಗ ನಾವು ಮೋಟರ್ ನಿಲ್ಲಿಸುತ್ತೇವೆ. ಅಕ್ಕಪಕ್ಕದವರೂ ನಿಲ್ಲಿಸುತ್ತಾರೆ. ಎಳೆದೂ ಎಳೆದೂ ಬೋರ್ ಸುತ್ತ ಗುಂಡಿಬಿದ್ದಿದ್ದ ನೀರಿನ ಮಟ್ಟ ತಾನೇ ಸಮ ಆಗುತ್ತಾ ಬರುತ್ತದೆ. ದೂರದ ನೀರು ಹತ್ತಿರಕ್ಕೆ ಬಂತು, ಅಷ್ಟೇ. ಹೊಸ ನೀರು ಒಂದು ಹನಿಯೂ ಸೇರದೆ ಇದ್ದರೂ ನಿಮ್ಮ ಬೋರ್‌ನಲ್ಲಿ ಏರಿಕೆ ಕಾಣುತ್ತದೆ. ಹಾಗಾಗಿ ಓಡುವ ಬೋರ್‌ನಲ್ಲಿ ಅಳೆದ ಏರಿಕೆಯನ್ನು ಇಂಗಿದ ನೀರು ಅಂತ ತಿಳಿಯಬಾರದು.

ಸರಿ, ಹಾಗಾದರೆ ಇಂಗಿದ್ದನ್ನು ಅಳೆಯುವುದು ಹೇಗೆ? ಎಲ್ಲರೂ ಬಳಸುವ ದಾರಿ ನೋಡೋಕೆ ಸುಲಭ. ಮಳೆಗಾಲಕ್ಕೆ ಮುಂಚೆ ಮೇನಲ್ಲಿ ನೀರಿನ ಮಟ್ಟ ಅಳೆಯಿರಿ. ಮಳೆಗಾಲ ಮುಗಿದ ಮೇಲೆ ನವೆಂಬರ್‌ನಲ್ಲಿ ಅಳೆಯಿರಿ. ಏರಿದ ಎತ್ತರವನ್ನು ಬಿಡುವ ಪಾಲಿನಿಂದ ಗುಣಿಸಿ. ನಡುವೆ ಎತ್ತಿದ ನೀರನ್ನು ಅದಕ್ಕೆ ಕೂಡಿಸಿ, ಯಾಕೆಂದರೆ ಅದೂ ಇಂಗಿದ ನೀರೇ, ನೀವು ಅಳೆಯುವ ಮುಂಚೆಯೇ ಖರ್ಚಾಯಿತು. ಹೊಲಕ್ಕೆ ಹಾಯಿಸಿದ್ದರಲ್ಲಿ ಮತ್ತೆ ಕೆಳಕ್ಕೆ ಇಳಿದದ್ದನ್ನು ಕಳೆಯಿರಿ. ಸಿಕ್ಕಿದ್ದೇ ಆ ಮಳೆಗಾಲದಲ್ಲಿ ಇಂಗಿದ್ದು.

ಇದರಲ್ಲಿ ಏರಿಕೆ ಅಳೆಯೋದು ಸುಲಭ. ಒಂದು ಟೇಪ್ ಸಾಕು. ತೊಂದರೆ ಇರುವುದು ಆ ಪಾಲಿನಲ್ಲಿ. ಪಟ್ಟಿಯಲ್ಲಿ 3% ಅಂತ ಇದೆ ನಿಜ. ಆದರೆ ನಿಮ್ಮ ಊರಿನದು 1.3 ಇದ್ದರೆ? ಉತ್ತರ ಎರಡರಷ್ಟಕ್ಕೂ ಮೇಲೆ ಹೋಗುತ್ತದೆ. ಮಟ್ಟವನ್ನು ಸೆಂಟಿಮೀಟರ್ ಲೆಕ್ಕದಲ್ಲಿ ಅಳೆದು, ಆಮೇಲೆ ಅಂದಾಜಿನ ಪಾಲಿನಿಂದ ಗುಣಿಸಿದರೆ ಅಷ್ಟು ಜೋಪಾನವಾಗಿ ಅಳೆದದ್ದರ ಲಾಭ ಏನು? ಈ ವಿಷಯ ಸಮಿತಿಗೂ ಗೊತ್ತಿತ್ತು. ಅದಕ್ಕೇ ಒಂದು ತಡೆ ಇಟ್ಟಿದ್ದಾರೆ. ಮಳೆಯಲ್ಲಿ ಶೇಕಡಾ ಇಷ್ಟು ಇಂಗುತ್ತದೆ ಅಂತ ಇನ್ನೊಂದು ಪಟ್ಟಿ ಇದೆ. ಕೊಳೆತ ನೈಸ್‌ಗೆ ಜೇಡಿ ಕಡಿಮೆ ಇದ್ದರೆ 11%, ಜಾಸ್ತಿ ಇದ್ದರೆ 8%, ಗಟ್ಟಿ ಬಂಡೆಗೆ 1%. ನೀರಿನ ಮಟ್ಟದಿಂದ ಬಂದ ಉತ್ತರವು ಮಳೆ ಪಟ್ಟಿಯ ಉತ್ತರಕ್ಕಿಂತ 20%ಗೂ ಹೆಚ್ಚು ಮೇಲೆ ಹೋದರೆ ಅಲ್ಲಿಗೆ ನಿಲ್ಲಿಸಬೇಕು. 20%ಗೂ ಹೆಚ್ಚು ಕೆಳಗೆ ಇಳಿದರೂ ಅಷ್ಟಕ್ಕೇ ನಿಲ್ಲಿಸಬೇಕು. ದೊಡ್ಡ ತಪ್ಪು ಆಗದಿರಲಿ ಅಂತ ಮಾಡಿದ ಕ್ರಮ ಅದು, ಅದನ್ನು ಗೌರವಿಸುತ್ತೇನೆ. ಇಡೀ ರಾಜ್ಯದ ಲೆಕ್ಕಕ್ಕೆ ಅದು ಬೇಕು. ಆದರೆ ಒಂದು ಊರು ಹಿಂಗಾರಿಗೆ ಏನು ಬಿತ್ತಬೇಕು ಅಂತ ತೀರ್ಮಾನಿಸಲು ಅದು ಸಾಲದು. ಎರಡೂ ಪಟ್ಟಿ ಊರಿನ ಹೊರಗಿನಿಂದ ಬಂದವು.

ಮಳೆಯ ಶೇಕಡಾ ಲೆಕ್ಕದ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. 700 ಮಿಲಿಮೀಟರ್ ಮಳೆ ಎರಡು ವರ್ಷ ಆಯಿತು ಅಂದುಕೊಳ್ಳಿ. ಒಂದು ವರ್ಷ ಹನಿ ಹನಿಯಾಗಿ, ನಡುನಡುವೆ ಬಿಸಿಲು ಕಾಯುತ್ತಾ ಬಂತು. ಇನ್ನೊಂದು ವರ್ಷ ಉತ್ತರೆ, ಹಸ್ತ, ಚಿತ್ತೆ ಮಳೆಗಳು ಒಂದರ ಹಿಂದೆ ಒಂದು ಜಡಿ ಹಿಡಿದವು. ಮಣ್ಣು ಮೊದಲು ತನ್ನ ಬಾಯಾರಿಕೆ ತೀರಿಸಿಕೊಳ್ಳುತ್ತದೆ. ಬೇರುಗಳಿಗೆ ಬೇಕಾದಷ್ಟು ತುಂಬಿ ಮಿಕ್ಕಿದ್ದು ಮಾತ್ರ ಕೆಳಕ್ಕೆ ಇಳಿಯುತ್ತದೆ. ಮೊದಲನೆಯ ವರ್ಷ ಇಳಿದದ್ದು ಹೆಚ್ಚುಕಡಿಮೆ ಏನೂ ಇಲ್ಲದಿರಬಹುದು. ಎರಡನೆಯ ವರ್ಷ ಕೆರೆ ಕೋಡಿ ಬಿದ್ದು, ಬಾವಿಯೂ ತುಂಬಬಹುದು. ಒಟ್ಟು ಮಳೆ ಮಾತ್ರ ಒಂದೇ. ಅದಕ್ಕೆ ಮಳೆಯನ್ನು ದಿನದಿನವೂ ಬರೆಯಬೇಕು ಅಂತ ನಾನು ಹೇಳುತ್ತಿರುತ್ತೇನೆ. ಈಗ ರಾಜ್ಯದಲ್ಲಿ ಹೆಚ್ಚುಕಡಿಮೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಮಳೆ ಮಾಪನ ಯಂತ್ರ ಇದೆ. ಆ ಅಂಕಿ ಕೇಳಿ ಪಡೆಯಿರಿ.

ಈಗ ನನಗೆ ತುಂಬಾ ಇಷ್ಟವಾದ ಭಾಗಕ್ಕೆ ಬರುತ್ತೇನೆ.

ಹೈದರಾಬಾದ್ ಹತ್ತಿರ ಮಹೇಶ್ವರಂ ಅಂತ ಒಂದು ಜಲಾನಯನ ಇದೆ. ಸುಮಾರು 53 ಚದರ ಕಿಲೋಮೀಟರ್. ನಮ್ಮ ಹಾಗೇ ಗ್ರಾನೈಟ್, ನಮ್ಮ ಹಾಗೇ ಬೋರ್‌ಗಳು. 700ಕ್ಕೂ ಹೆಚ್ಚು ಬೋರ್ ಓಡುತ್ತಿದ್ದವು. ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಮತ್ತು ಫ್ರಾನ್ಸಿನ ವಿಜ್ಞಾನಿಗಳು ಸೇರಿ ಅಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದರು. ಬಿಡುವ ಪಾಲನ್ನು ಪಟ್ಟಿಯಿಂದ ತೆಗೆದುಕೊಳ್ಳದೆ, ಊರಿನಲ್ಲೇ ಕಂಡುಹಿಡಿಯುವುದು ಹೇಗೆ ಅಂತ ತೋರಿಸಿಕೊಟ್ಟರು. ಅವರ ಉಪಾಯ ಇದು. ಬೇಸಿಗೆಯಲ್ಲಿ ಮಳೆ ಇಲ್ಲ. ನೆಲಕ್ಕೆ ಹೊಸ ನೀರು ಬರುವುದಿಲ್ಲ. ನೀರಿನ ಮಟ್ಟ ಇಳಿಯುವುದು ನಾವು ಎತ್ತುವುದರಿಂದಲೇ. ಎಷ್ಟು ಎತ್ತಿದೆವು ಅಂತ ಎಣಿಸಬಹುದು. ಎಷ್ಟು ಇಳಿಯಿತು ಅಂತ ಅಳೆಯಬಹುದು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಬಿಡುವ ಪಾಲು ಸಿಗುತ್ತದೆ! ಆಮೇಲೆ ಅದೇ ಪಾಲನ್ನು ಮಳೆಗಾಲದ ಏರಿಕೆಗೆ ಹಾಕಿದರೆ ಇಂಗಿದ್ದು ಎಷ್ಟು ಅಂತ ಗೊತ್ತಾಗುತ್ತದೆ. ಅವರಿಗೆ ಅಲ್ಲಿ ಸಿಕ್ಕಿದ ಪಾಲು ಸುಮಾರು 1.4%.

ಇದನ್ನು ಓದಿದ ದಿನ ನನಗೆ ತುಂಬಾ ಖುಷಿ ಆಯಿತು. ಯಾಕೆಂದರೆ ಈ ಲೆಕ್ಕಕ್ಕೆ ಬೇಕಾದ ಮಾಹಿತಿ ಪೂರ್ತಿ ಊರಿನವರ ಹತ್ತಿರವೇ ಇದೆ. ಎಷ್ಟು ಬೋರ್ ಓಡುತ್ತವೆ, ದಿನಕ್ಕೆ ಎಷ್ಟು ಗಂಟೆ ಕರೆಂಟ್ ಇರುತ್ತದೆ, ಯಾರ ಬೋರ್‌ನಲ್ಲಿ ಎಷ್ಟು ಇಂಚು ನೀರು ಅನ್ನುವುದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಇಂಚಿನ ವಿಷಯ ಬಂತು, ಅದನ್ನೂ ಹೇಳಿಬಿಡುತ್ತೇನೆ. ರಿಗ್ಗಿನವರು ವಿ ಆಕಾರದ ಕಚ್ಚಿನಲ್ಲಿ ನೀರು ಹರಿಸಿ ಅಳೆಯುತ್ತಾರಲ್ಲ. ಆ ಕಚ್ಚು 90 ಡಿಗ್ರಿಯದಾದರೆ, ಒಂದು ಇಂಚು ನೀರು ಅಂದರೆ ಗಂಟೆಗೆ ಸುಮಾರು 500 ಲೀಟರ್. ಎರಡು ಇಂಚು ಅಂದರೆ ಸಾವಿರ ಅಂತ ತಿಳಿಯಬೇಡಿ. ಸುಮಾರು 2,900 ಲೀಟರ್. ಮೂರು ಇಂಚು ಅಂದರೆ ಸುಮಾರು 8,000. ಕಚ್ಚು ಮೇಲಕ್ಕೆ ಹೋದ ಹಾಗೆ ಅಗಲ ಆಗುತ್ತದೆ, ಅದಕ್ಕೆ. ಹಾಗಾಗಿ 'ಮೂರಿಂಚು ಇದ್ದದ್ದು ಎರಡಿಂಚಿಗೆ ಬಂತು' ಅಂದರೆ ಮೂರರಲ್ಲಿ ಒಂದು ಪಾಲು ಹೋಯಿತು ಅಂತ ಅಲ್ಲ. ಮೂರರಲ್ಲಿ ಎರಡು ಪಾಲು ಹೋಯಿತು.

ಈಗ ಒಂದು ಊರು ಅಂದುಕೊಳ್ಳೋಣ. ಸಾವಿರ ಎಕರೆ. 60 ಬೋರ್ ಓಡುತ್ತಿವೆ. ಸರಾಸರಿ ಎರಡಿಂಚು ನೀರು, ದಿನಕ್ಕೆ ಆರು ಗಂಟೆ. ಒಂದು ಬೋರ್ ದಿನಕ್ಕೆ ಸುಮಾರು 17,000 ಲೀಟರ್ ಎತ್ತುತ್ತದೆ. ಡಿಸೆಂಬರ್‌ನಿಂದ ಏಪ್ರಿಲ್ ಕೊನೆವರೆಗೆ 150 ದಿನ. ಒಟ್ಟು 15 ಕೋಟಿ ಲೀಟರ್ ಚಿಲ್ಲರೆ. ಹೊಲದಲ್ಲಿ ಹಾಯಿಸಿದ್ದರಲ್ಲಿ 15% ವಾಪಸ್ಸು ಕೆಳಗೆ ಹೋಯಿತು ಅಂತ ಬಿಟ್ಟರೆ ನಿಜವಾಗಿ ಖರ್ಚಾದದ್ದು 13 ಕೋಟಿ ಲೀಟರ್. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ನೀರು ಅಂದರೆ ಸುಮಾರು 4,000 ಲೀಟರ್. ಹಾಗಾಗಿ ಈ 13 ಕೋಟಿಯನ್ನು ಸಾವಿರ ಎಕರೆಗೂ ಹರಡಿದರೆ 32 ಮಿಲಿಮೀಟರ್. ಅದೇ ಸಮಯದಲ್ಲಿ ಊರಿನಲ್ಲಿ ನೀರಿನ ಮಟ್ಟ ಸರಾಸರಿ ಎರಡೂವರೆ ಮೀಟರ್ ಇಳಿಯಿತು ಅಂದುಕೊಳ್ಳಿ. 32 ಮಿಲಿಮೀಟರನ್ನು 2,500 ಮಿಲಿಮೀಟರ್‌ನಿಂದ ಭಾಗಿಸಿ. 1.3% ಬಂತು. ಅದು ಈ ಊರಿನ ಬಿಡುವ ಪಾಲು.

ಮಳೆಗಾಲ ಬಂತು. 650 ಮಿಲಿಮೀಟರ್ ಮಳೆ ಆಯಿತು. ನೀರಿನ ಮಟ್ಟ 3 ಮೀಟರ್ ಏರಿತು. 1.3ರ ಲೆಕ್ಕದಲ್ಲಿ 39 ಮಿಲಿಮೀಟರ್. ಮಳೆಗಾಲದಲ್ಲೂ ಬಿಡುವು ಸಿಕ್ಕಾಗ ಒಂದು ನೂರು ದಿನ ಮೋಟರ್ ಓಡಿತು, ಅದರ ಖರ್ಚು 21 ಮಿಲಿಮೀಟರ್. ಎರಡೂ ಕೂಡಿದರೆ 60. ಅಂದರೆ ಬಿದ್ದ ಮಳೆಯಲ್ಲಿ 9% ಇಂಗಿತು. ವರ್ಷಕ್ಕೆ ಈ ಊರು ಬಳಸುವುದು 32 ಮತ್ತು 21, ಒಟ್ಟು 53 ಮಿಲಿಮೀಟರ್. ಇಂಗಿದ್ದು 60. ಸ್ವಲ್ಪ ಉಳಿದಿದೆ, ಅಲ್ವಾ? ಒಂದು ಕಡಿಮೆ ಮಳೆಯ ವರ್ಷ ಬಂದರೆ ಆ ಉಳಿಕೆ ಹೋಗುತ್ತದೆ.

ಇದೇ ಊರು ಪಟ್ಟಿಯ 3% ಇಟ್ಟುಕೊಂಡಿದ್ದರೆ? ಏರಿಕೆಯಿಂದ 90, ಖರ್ಚಿನ 21, ಒಟ್ಟು 111 ಮಿಲಿಮೀಟರ್. 'ನಾವು ಬಳಸುವುದರ ಎರಡರಷ್ಟು ಇಂಗಿದೆ, ಇನ್ನೂ ಐವತ್ತು ಬೋರ್ ಕೊರೆಸಬಹುದು' ಅಂತ ಅನ್ನಿಸುತ್ತದೆ. 111ಕ್ಕೂ 60ಕ್ಕೂ ಇರುವ ವ್ಯತ್ಯಾಸ 51 ಮಿಲಿಮೀಟರ್, ಅಂದರೆ ಸಾವಿರ ಎಕರೆಗೆ 20 ಕೋಟಿ ಲೀಟರ್. ಆ 20 ಕೋಟಿ ಲೀಟರ್ ಕಾಗದದ ಮೇಲೆ ಇದೆ, ನೆಲದಲ್ಲಿ ಇಲ್ಲ. ಅದನ್ನು ನಂಬಿ ಸಾಲ ಮಾಡಿ ಕೊರೆಸಿದವರ ಮನೆಗಳನ್ನು ನಾನು ನೋಡಿದ್ದೇನೆ. ಒಂದೇ ಹೊಲದಲ್ಲಿ ಏಳು ಬೋರ್ ಕೊರೆಸಿ ಏಳೂ ಕೈಕೊಟ್ಟು, ಮಗಳ ಮದುವೆ ಮುಂದಕ್ಕೆ ಹಾಕಿದವರು ಇದ್ದಾರೆ. ಅದಕ್ಕೇ ಈ ಸಣ್ಣ ಅಂಕಿಯ ಬಗ್ಗೆ ಇಷ್ಟು ಹೊತ್ತು ಮಾತಾಡುತ್ತಿದ್ದೇನೆ.

ನಿಮ್ಮ ಒಂದು ಬೋರ್‌ಗೆ ಎಷ್ಟು ನೆಲ ಬೇಕು ಅಂತಲೂ ಲೆಕ್ಕ ಹಾಕಿ ನೋಡಿ. ವರ್ಷಕ್ಕೆ 75 ಮಿಲಿಮೀಟರ್ ಇಂಗಿತು ಅಂತ ಧಾರಾಳವಾಗಿಯೇ ಹಿಡಿಯೋಣ. ಎಕರೆಗೆ 3 ಲಕ್ಷ ಲೀಟರ್. ಎರಡಿಂಚಿನ ಬೋರ್ ದಿನಕ್ಕೆ ಆರು ಗಂಟೆಯಂತೆ 200 ದಿನ ಓಡಿದರೆ 34 ಲಕ್ಷ ಲೀಟರ್ ಮೇಲೆ. ಅಂದರೆ ಒಂದು ಬೋರ್ ಹನ್ನೊಂದು ಎಕರೆಯ ನೀರು ಕುಡಿಯುತ್ತದೆ. ನಮ್ಮಲ್ಲಿ ಎರಡೆರಡು ಎಕರೆಗೆ ಒಂದೊಂದು ಬೋರ್ ಇದೆ.

ಇನ್ನೂ ಕೆಲವು ದಾರಿಗಳಿವೆ. ಟ್ರಿಟಿಯಂ ಅನ್ನುವ ಒಂದು ಬಗೆಯ ಹೈಡ್ರೋಜನ್ ಇರುವ ಗುರುತಿನ ನೀರನ್ನು ಮಳೆಗೆ ಮುಂಚೆ ಮಣ್ಣಿನೊಳಗೆ ಸೇರಿಸಿ, ಮಳೆ ಮುಗಿದ ಮೇಲೆ ಅದು ಎಷ್ಟು ಕೆಳಕ್ಕೆ ಹೋಗಿದೆ ಅಂತ ಮಣ್ಣು ತೆಗೆದು ನೋಡುವುದು ಒಂದು. ಹೈದರಾಬಾದಿನ ಅದೇ ಸಂಸ್ಥೆಯವರು ದೇಶದ ಎಷ್ಟೋ ಕಡೆ ಇದನ್ನು ಮಾಡಿದ್ದಾರೆ. ಆದರೆ ಬಂಡೆ ನಾಡಿನಲ್ಲಿ ಒಂದಷ್ಟು ನೀರು ಬಿರುಕು ಹಿಡಿದು ನೇರ ಕೆಳಗೆ ಹೋಗಿಬಿಡುತ್ತದೆ. ಮಣ್ಣಿನಲ್ಲಿ ನಿಧಾನ ಇಳಿಯುವ ಗುರುತಿಗೆ ಅದು ಸಿಗುವುದಿಲ್ಲ.

ಉಪ್ಪಿನ ದಾರಿ ಇನ್ನೊಂದು. ಅದು ಅಡುಗೆ ಮಾಡುವವರಿಗೆ ಬೇಗ ಅರ್ಥವಾಗುತ್ತದೆ. ಸಾರು ಒಲೆಯ ಮೇಲೆ ಇಂಗಿದರೆ ಉಪ್ಪು ಜಾಸ್ತಿ ಆಗುತ್ತದೆ ಅಲ್ವಾ? ನೀರು ಆವಿಯಾಗಿ ಹೋಯಿತು, ಉಪ್ಪು ಉಳಿಯಿತು. ಸಮುದ್ರದಿಂದ ಬರುವ ಮಳೆಯಲ್ಲೂ ಚೂರು ಕ್ಲೋರೈಡ್ ಇರುತ್ತದೆ. ಮಣ್ಣು, ಗಿಡ ಎಲ್ಲ ನೀರನ್ನು ಆವಿ ಮಾಡಿ ಕಳಿಸುತ್ತವೆ, ಕ್ಲೋರೈಡ್ ಉಳಿದು ಕೆಳಗೆ ಹೋಗುತ್ತದೆ. ಮಳೆ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ, ಬಾವಿ ನೀರಿನಲ್ಲಿ 20 ಮಿಲಿಗ್ರಾಂ ಇದ್ದರೆ ಇಪ್ಪತ್ತರಲ್ಲಿ ಒಂದು ಪಾಲು ಇಂಗಿತು ಅಂತ ಲೆಕ್ಕ, ಅಂದರೆ 5%. ಇಷ್ಟು ಚಂದದ ಉಪಾಯ ನಮ್ಮ ಹೊಲಗಳಲ್ಲಿ ಮಾತ್ರ ಕೈಕೊಡುತ್ತದೆ. ನಾವು ಹಾಕುವ ಪೊಟ್ಯಾಷ್ ಗೊಬ್ಬರದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕ್ಲೋರೈಡೇ ಇದೆ. ಚರಂಡಿ ನೀರಿನಲ್ಲೂ ಇದೆ. ಅದೆಲ್ಲ ಬಾವಿಗೆ ಇಳಿದರೆ, ಇಂಗಿದ್ದು ನಿಜಕ್ಕಿಂತ ತುಂಬಾ ಕಡಿಮೆ ಅಂತ ತೋರಿಸುತ್ತದೆ.

ಹಾಗಾಗಿ ಉಪ್ಪಿನ ಲೆಕ್ಕಕ್ಕೆ ಕಾಡೇ ಸರಿ. ಬಂಡೀಪುರದ ಮೂಲೆಹೊಳೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಫ್ರಾನ್ಸಿನವರು ಸೇರಿ 2003ರಿಂದ ಅಳತೆ ಶುರು ಮಾಡಿದರು. ಅಲ್ಲಿ ಗೊಬ್ಬರ ಇಲ್ಲ, ಬೋರ್ ಇಲ್ಲ. ವರ್ಷಕ್ಕೆ ಸುಮಾರು 1,100 ಮಿಲಿಮೀಟರ್ ಮಳೆ. ಉಪ್ಪಿನ ಲೆಕ್ಕ, ನೀರಿನ ಮಟ್ಟದ ಲೆಕ್ಕ, ಹಳ್ಳದ ಹರಿವು ಎಲ್ಲ ಒಟ್ಟಿಗೆ ಇಟ್ಟು ನೋಡಿದರು. 2003ರಿಂದ 2006ರವರೆಗಿನ ಅಳತೆಯಲ್ಲಿ ನೇರ ಮಳೆಯಿಂದ ಇಂಗಿದ್ದು ವರ್ಷಕ್ಕೆ 45 ಮಿಲಿಮೀಟರ್. ಹಳ್ಳ ಹರಿದಾಗ ಅದರ ತಳದಿಂದ ಇಂಗಿದ್ದು 30 ಮಿಲಿಮೀಟರ್. ಮಳೆಯ 80ರಿಂದ 90% ನೀರು ಮರಗಳ ಮೂಲಕ, ಮಣ್ಣಿನ ಮೂಲಕ ಆಕಾಶಕ್ಕೇ ವಾಪಸ್ಸು ಹೋಗುತ್ತಿತ್ತು. 'ಕಾಡು ಇದ್ದರೆ ಅಂತರ್ಜಲ ತುಂಬಿ ತುಳುಕುತ್ತದೆ' ಅಂತ ನಾವು ಶಾಲೆಯಿಂದ ಹೇಳಿಕೊಂಡು ಬಂದಿದ್ದೇವೆ. ನಾನೂ ಹೇಳಿದ್ದೇನೆ. ಕಾಡು ಮಣ್ಣನ್ನು ಕಾಯುತ್ತದೆ, ನೆರೆ ತಗ್ಗಿಸುತ್ತದೆ, ಅದೆಲ್ಲ ನಿಜ. ಆದರೆ ಮರವೂ ನೀರು ಕುಡಿಯುತ್ತದೆ, ಆಳದಿಂದಲೂ ಕುಡಿಯುತ್ತದೆ. ಆ ಪಾಲನ್ನು ಬಿಟ್ಟು ಇಂಗಿದ್ದರ ಲೆಕ್ಕ ಹಾಕೋಕೆ ಆಗುವುದಿಲ್ಲ.

ಹಳ್ಳದ ತಳದಿಂದ 30 ಮಿಲಿಮೀಟರ್ ಅಂದೆನಲ್ಲ, ಅದನ್ನು ಮರೆಯಬೇಡಿ. ನಮ್ಮಲ್ಲಿ ಅದೇ ಕೆಲಸವನ್ನು ಕೆರೆಗಳು ಮಾಡುತ್ತವೆ. ಸಮಿತಿಯ ಪಟ್ಟಿಯ ಪ್ರಕಾರ ಕೆರೆಯಲ್ಲಿ ನೀರು ನಿಂತ ಜಾಗದಿಂದ ದಿನಕ್ಕೆ 1.4 ಮಿಲಿಮೀಟರ್ ಇಂಗುತ್ತದೆ. ಸರಾಸರಿ 50 ಎಕರೆ ನೀರು ನಿಲ್ಲುವ ಕೆರೆ ನಾಲ್ಕು ತಿಂಗಳು ತುಂಬಿದ್ದರೆ 3 ಕೋಟಿ ಲೀಟರ್ ಮೇಲೆ ಆಯಿತು. ಕೋಲಾರದ ಕೆರೆಗಳಿಗೆ 2018ರಿಂದ ಕೋರಮಂಗಲ ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಬರುತ್ತಿದೆ. ಅಂಥ ಕೆರೆಗಳ ಸುತ್ತ ಬೋರ್‌ಗಳಲ್ಲಿ ನೀರು ಏರಿದೆ. ಆ ಊರಿನವರು ಲೆಕ್ಕ ಹಾಕುವಾಗ ಕೆರೆಯ ಪಾಲನ್ನು ಬೇರೆ ಇಡಬೇಕು. ಇಲ್ಲದಿದ್ದರೆ ಮಳೆಯೇ ಇಷ್ಟೆಲ್ಲ ಇಂಗಿಸಿತು ಅಂತ ಆಗುತ್ತದೆ. ಬೇಸಿಗೆಯಲ್ಲಿ ಬಿಡುವ ಪಾಲು ಕಂಡುಹಿಡಿಯುವ ಲೆಕ್ಕವೂ ಅಲ್ಲಿ ತಪ್ಪುತ್ತದೆ, ಯಾಕೆಂದರೆ ಬೇಸಿಗೆಯಲ್ಲೂ ಕೆರೆಯಿಂದ ಹೊಸ ನೀರು ಇಳಿಯುತ್ತಿರುತ್ತದೆ.

ಇಷ್ಟೆಲ್ಲ ಮಾಡಿ ಇಂಗಿದ್ದು 60 ಮಿಲಿಮೀಟರ್ ಅಂತ ಗೊತ್ತಾಯಿತು. ಅಷ್ಟನ್ನೂ ಎತ್ತಿಬಿಡಬಹುದಾ? ಸರ್ಕಾರದ ಲೆಕ್ಕದಲ್ಲಿ ಹಳ್ಳಕೊಳ್ಳಕ್ಕೆ ಅಂತ 5ರಿಂದ 10% ಬಿಟ್ಟು, ಮಿಕ್ಕಿದ್ದರಲ್ಲಿ 70%ವರೆಗೆ ಎತ್ತಿದರೆ 'ಸುರಕ್ಷಿತ' ಅನ್ನುತ್ತಾರೆ. 100% ದಾಟಿದರೆ 'ಅತಿ ಬಳಕೆ'. ನನ್ನ ಅಭಿಪ್ರಾಯದಲ್ಲಿ ಹಳ್ಳಕ್ಕೆ ಬಿಟ್ಟ ಪಾಲು ತೀರಾ ಕಡಿಮೆ. ನಂದಿ ಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯನ್ನೇ ನೋಡಿ. ಬೆಂಗಳೂರಿಗೆ ನೀರು ಕೊಡುತ್ತಿದ್ದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ನದಿಯ ಹರಿವು ಕುಗ್ಗುತ್ತಾ ಬಂತು. ಸಂಶೋಧಕರು ಮಳೆಯ ಅಂಕಿ ತೆಗೆದು ನೋಡಿದರೆ ಮಳೆ ಕಡಿಮೆಯಾದದ್ದು ಕಾರಣವಾಗಿರಲಿಲ್ಲ. ಅಂತರ್ಜಲ ಕೆಳಕ್ಕೆ ಹೋಗಿತ್ತು, ನೀಲಗಿರಿ ತೋಪು ಹೆಚ್ಚಾಗಿತ್ತು. ಹಿಂದೆ ನೆಲದಿಂದ ಹಳ್ಳಕ್ಕೆ ಒಸರುತ್ತಿದ್ದ ನೀರು ಈಗ ಹಳ್ಳದಿಂದ ನೆಲಕ್ಕೆ ಹೋಗುತ್ತಿದೆ. ಪಾವಗಡ, ಮಧುಗಿರಿ ಕಡೆಯ ಹಿರಿಯರಿಗೆ ತಲಪರಿಗೆ ಗೊತ್ತು. ಬಾವಿ ತೋಡದೆ ಹಳ್ಳದ ಪಕ್ಕ ತಾನೇ ಉಕ್ಕುತ್ತಿದ್ದ ನೀರು. ಅದು ನಿಂತದ್ದೂ ಇದೇ ಕಾರಣಕ್ಕೆ.

ಇದನ್ನೆಲ್ಲ ಹಳ್ಳಿಯವರು ಅಳೆಯೋಕೆ ಆಗುತ್ತದಾ ಅಂತ ಕೆಲವರಿಗೆ ಅನುಮಾನ. ನಮ್ಮ ಗಡಿಯಾಚೆ ಅನಂತಪುರ, ಚಿತ್ತೂರಿನಲ್ಲಿ ಆಗಿದೆ. ಅವಿಭಜಿತ ಆಂಧ್ರದ ಏಳು ಬರದ ಜಿಲ್ಲೆಗಳಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ರೈತರೇ ಮಳೆ ಅಳೆದರು, ಬೋರ್ ಮಟ್ಟ ಅಳೆದರು. ಹೆಂಗಸರೂ ಅಳೆದರು. ಹಿಂಗಾರು ಬಿತ್ತನೆಗೆ ಮುಂಚೆ ಊರವರೆಲ್ಲ ಸೇರಿ, ಇಷ್ಟು ಇಂಗಿದೆ, ಇಷ್ಟು ಬೆಳೆಗೆ ಬೇಕು ಅಂತ ಗೋಡೆಯ ಮೇಲೆ ಬರೆದರು. ಭತ್ತ ಬೇಡ ಅಂತ ಯಾರೂ ಆಜ್ಞೆ ಮಾಡಲಿಲ್ಲ. ಅಂಕಿ ನೋಡಿದ ಮೇಲೆ ಎಷ್ಟೋ ಜನ ತಾವೇ ಬೆಳೆ ಬದಲಿಸಿದರು.

ಮಾತು ಮುಗಿದ ಮೇಲೆ ಬಂದ ಒಂದು ಪ್ರಶ್ನೆಯನ್ನು ಇಲ್ಲಿ ಬರೆಯಲೇಬೇಕು. ಹಿಂದಿನ ಸಾಲಿನಿಂದ ಒಬ್ಬ ಅಮ್ಮ ಎದ್ದು ನಿಂತು ಕೇಳಿದರು. "ಸಾರ್, ನಮ್ಮೂರ ಬಾವಿಗಳೆಲ್ಲ ಒಣಗಿ ಇಪ್ಪತ್ತು ವರ್ಷ ಆಯ್ತು. ಓಡೋ ಬೋರ್‌ನಲ್ಲಿ ಅಳೀಬಾರದು ಅಂತೀರ. ಮತ್ತೆ ಎಲ್ಲಿ ಅಳೆಯೋದು?"

ಕೈಬಿಟ್ಟ ಬೋರ್‌ನಲ್ಲಿ ಅಂದೆ. ಮೋಟರ್ ತೆಗೆದು ಬಿಟ್ಟಿರುವ ಬೋರ್‌ಗಳು ಪ್ರತಿ ಊರಲ್ಲೂ ಹತ್ತಾರು ಇವೆ. ಓಡುವ ಬೋರ್‌ಗಳಿಂದ ಆದಷ್ಟು ದೂರ ಇರುವ ನಾಲ್ಕೈದನ್ನು ಆರಿಸಿಕೊಳ್ಳಿ. ಒಂದು ದಿಣ್ಣೆಯ ಮೇಲೆ ಇರಲಿ, ಒಂದು ಕೆರೆಯ ಕೆಳಗೆ ಇರಲಿ. ಬಾಯಿಗೆ ಗಟ್ಟಿ ಮುಚ್ಚಳ ಹಾಕಿಸಿ, ಮಕ್ಕಳು ಬೀಳಬಾರದು. ಮುಚ್ಚಳದಲ್ಲಿ ಟೇಪ್ ಇಳಿಯುವಷ್ಟು ತೂತು ಇರಲಿ. ಪಕ್ಕದ ಕಲ್ಲಿನ ಮೇಲೆ ಕೇಸಿಂಗ್ ಎಷ್ಟು ಅಡಿ ಅಂತ ಬಣ್ಣದಲ್ಲಿ ಬರೆಯಿರಿ. ನೀರು ಕೇಸಿಂಗ್‌ನ ತಳಕ್ಕಿಂತ ಮೇಲೆ ಇದ್ದರೆ ನೀವು ಕೊಳೆತ ಪದರದ ನೀರನ್ನು ಅಳೆಯುತ್ತಿದ್ದೀರಿ. ಕೆಳಗೆ ಇದ್ದರೆ ಬಿರುಕಿನದು. ಎರಡನ್ನೂ ಬೇರೆ ಬೇರೆ ಬರೆಯಿರಿ, ಕೂಡಿಸಿ ಸರಾಸರಿ ತೆಗೆಯಬೇಡಿ. ಅಳೆಯುವ ಮುಂಚೆ ಸುತ್ತಲಿನವರಿಗೆ ಹೇಳಿ ಒಂದು ದಿನ ಮೋಟರ್ ನಿಲ್ಲಿಸಿದರೆ ಇನ್ನೂ ಒಳ್ಳೆಯದು.

"ಒಂದು ದಿನ ತಾನೆ, ನಿಲ್ಲಿಸ್ತಾರೆ" ಅಂದರು ಆ ಅಮ್ಮ. ಆಮೇಲೆ ಮೇ ಕೊನೆಯ ವಾರ ಮತ್ತು ನವೆಂಬರ್ ಕೊನೆಯ ವಾರ ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು, ಟೇಪ್ ಎಷ್ಟು ಉದ್ದದ್ದು ತರಬೇಕು ಅಂತ ಕೇಳಿದರು. 300 ಅಡಿಯದ್ದು ತನ್ನಿ, ತುದಿಗೆ ಕಟ್ಟಲು ಒಂದು ಕಬ್ಬಿಣದ ತುಂಡು ಇಟ್ಟುಕೊಳ್ಳಿ ಅಂತ ಹೇಳಿದೆ.